ಸ್ಕಾಟ್ಲೆಂಡಿನ ರಾಣಿ ಮೇರಿಯ ಗುಟ್ಟಿನ ಪತ್ರಗಳು ಇಂಗ್ಲೆಂಡಿನವರ ಕೈಗೆ ಸಿಕ್ಕಿದ್ದು ಹೇಗೆ?

ಬಿಯರ್ ಪೀಪಾಯಿಯ ಮೂಲಕ! 1586ರಲ್ಲಿ ಮೇರಿ ಇಂಗ್ಲೆಂಡಿನ ಚಾರ್ಟ್ಲಿಯಲ್ಲಿ ಸೆರೆಯಲ್ಲಿದ್ದಳು. ಪೀಪಾಯಿಯೊಳಗೆ ಬಚ್ಚಿಟ್ಟ ಪತ್ರಗಳು ಯಾರಿಗೂ ಗೊತ್ತಾಗದೆ ಹೋಗಿಬರುತ್ತಿವೆ ಅಂತ ಅವಳು ನಂಬಿದ್ದಳು. ಆದರೆ ಆ ದಾರಿ ಹಾಕಿಕೊಟ್ಟಿದ್ದೇ ಎಲಿಜಬೆತ್ ರಾಣಿಯ ಮಂತ್ರಿ ವಾಲ್ಸಿಂಗ್‌ಹ್ಯಾಮ್. ಪತ್ರ ತಂದುಕೊಡುತ್ತಿದ್ದ ಗಿಫರ್ಡ್ ಅವನದೇ ಗೂಢಚಾರ. ಪತ್ರಗಳು ಸಂಕೇತ ಲಿಪಿಯಲ್ಲಿದ್ದವು; ವಾಲ್ಸಿಂಗ್‌ಹ್ಯಾಮ್‌ನ ಕಡೆಯ ಫೆಲಿಪ್ಸ್ ಅವನ್ನು ಬಿಡಿಸಿ ಓದುತ್ತಿದ್ದ. ಇನ್ನೊಬ್ಬ ಮುದ್ರೆಯನ್ನು ಮೊದಲಿನಂತೆಯೇ ಅಂಟಿಸುತ್ತಿದ್ದ.

ಎಲಿಜಬೆತ್‌ಳನ್ನು ಆರು ಜನ ಸೇರಿ ಕೊಲ್ಲುವ ಸಂಚನ್ನು ಮೇರಿಯ ಬೆಂಬಲಿಗ ಬ್ಯಾಬಿಂಗ್ಟನ್ ಅವಳಿಗೆ ಬರೆದು ತಿಳಿಸಿದ. ಜುಲೈ 17ರಂದು ಮೇರಿ ಒಪ್ಪಿಗೆಯ ಉತ್ತರ ಕಳಿಸಿದಳು. ಅದರ ಕೊನೆಗೆ ಫೆಲಿಪ್ಸ್ ಅದೇ ಸಂಕೇತದಲ್ಲಿ ಒಂದು ಸಾಲು ಸೇರಿಸಿದ: ಕೊಲ್ಲಲಿರುವ ಆ ಆರು ಜನ ಯಾರು? ನನಗೆ ಇಡೀ ಕಥೆಯಲ್ಲಿ ಜಾಸ್ತಿ ಮೈ ನಡುಗಿಸುವುದು ಈ ಸಾಲೇ. ಸುಮ್ನೆ ಓದಿದ್ದರೆ ಬೇಹುಗಾರಿಕೆ. ಬೇರೆಯವರ ಹೆಸರಲ್ಲಿ ಬರೆದರೆ ಅದು ಮೋಸ ಅಲ್ವಾ?

ಈ ಸಂಚಿನಲ್ಲಿ ಪಾಲುಗೊಂಡ ಅಪರಾಧಕ್ಕಾಗಿ 1587ರ ಫೆಬ್ರವರಿ 8ರಂದು ಫಾದರಿಂಗ್‌ಹೇ ಕೋಟೆಯಲ್ಲಿ ಮೇರಿಯ ತಲೆ ಕಡಿದರು.