ಹನ್ನೊಂದು ತಿಂಗಳಾಯ್ತು, ಇನ್ನೂ ಅಮ್ಮ ಅಂತಿಲ್ಲ: ಒಂದು ಆಪ್ತಸಲಹೆ ಪ್ರಕರಣ

ರೇಖಾ ಅಂತಿಟ್ಕೊಳ್ಳಿ, ಹೆಸರು, ವಿವರ ಎಲ್ಲಾ ಬದಲಿಸಿದ್ದೀನಿ. ಧಾರವಾಡದ ಕಡೆಯವ್ರು, ಈಗ ಬೆಂಗಳೂರಲ್ಲಿದ್ದಾರೆ. ನನ್ ಹತ್ರ ಬಂದಿದ್ದು ನಿದ್ದೆ ಬರಲ್ಲ, ಸುಮ್ ಸುಮ್ನೆ ಅಳು ಬರುತ್ತೆ ಅಂತ. ಮಾತಾಡ್ತಾ ಹೋದ್ರೆ ಎಲ್ಲಾ ಬಂದು ನಿಂತಿದ್ದು ಮಗನ ಹತ್ರ. 11 ತಿಂಗಳಾಯ್ತು, ಇನ್ನೂ ಅಮ್ಮ ಅಂದಿಲ್ಲ. ಅತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚು ಅಂತಾರೆ, ಅಪಾರ್ಟ್‌ಮೆಂಟಿನ ಫ್ರೆಂಡು ಮೂರು ಭಾಷೆ ಕಿವಿಗೆ ಬಿದ್ರೆ ಮಗು ಕನ್‌ಫ್ಯೂಸ್ ಆಗುತ್ತೆ ಅಂತ ಹೆದರಿಸಿದ್ದಾರೆ, ಗಂಡ ಸ್ಕೂಲಿಗೆ ಈಸಿ ಆಗ್ಲಿ ಇಂಗ್ಲಿಷಲ್ಲೇ ಮಾತಾಡು ಅಂದಿದ್ದಾರೆ, ಹೀಗಾಗಿ ಕೆಲವು ತಿಂಗಳಿಂದ ಈಯಮ್ಮ ಮಗನ ಜೊತೆ ಬರೀ ಇಂಗ್ಲಿಷು, ಊಟ ಮಾಡಿಸುವಾಗ ಫೋನಲ್ಲಿ ರೈಮ್ಸು.

ಎರಡನೇ ಭೇಟಿಗೆ ಮಗೂನ ಕರ್ಕೊಂಡು ಬನ್ನಿ ಅಂದೆ. ರೇಖಾ ಚೆಂಡು ತೋರಿಸಿ "ಲುಕ್, ಬಾಲ್, ರೆಡ್ ಬಾಲ್" ಅಂದ್ರು, ಆಮೇಲೆ ಮಾತೇ ಇಲ್ಲ, ಮುಂದೇನು ಹೇಳ್ಬೇಕು ಅಂತ ಯೋಚಿಸ್ತಾ ಕೂತಿದ್ರು. ಅಷ್ಟರಲ್ಲಿ ಮಗು ನನ್ನ ಚಪ್ಪಲಿ ಎತ್ಕೊಂಡು ಬಾಯಿಗಿಡ್ತು. "ಅಯ್ಯ ಬಂಗಾರಾ, ಬಾಯಾಗ ಹಾಕ್ಕೋಬ್ಯಾಡಪಾ, ಹೊಲಸೈತಿ ಅದು, ಕೊಡಿಲ್ಲೆ!" ಅಂದ್ಬಿಟ್ರು ರೇಖಾ. ಮಗು ತಕ್ಷಣ ತಿರುಗಿ ಅಮ್ಮನ ಬಾಯನ್ನೇ ನೋಡ್ತು, ನಕ್ಕು, ದದದದ ಅಂತು. ರೇಖಾಗೆ ಆ ದದದದ ಲೆಕ್ಕಕ್ಕೇ ಇರ್ಲಿಲ್ಲ. 11 ತಿಂಗಳಿಗೆ ಅದೇ ನಮಗೆ ಬೇಕಾಗಿರೋದು, ವ್ಯಂಜನ ಸ್ವರ ಸೇರಿಸಿ ಬಬಬ ದದದ ಅನ್ನೋ ತೊದಲು. ಪದ ಸ್ವಲ್ಪ ತಡವಾದ್ರೂ ನಡೆಯುತ್ತೆ, 10 ತಿಂಗಳಾದ್ರೂ ಈ ತೊದಲು ಇಲ್ಲ ಅಂದ್ರೆ ತೋರಿಸ್ಲೇಬೇಕು.

ಆಕೆಗೆ ನಾನು ಹೇಳಿದ್ದು ಇಷ್ಟು. ಹುಟ್ಟಿದ ಕೆಲವೇ ದಿನದ ಕೂಸು ಕೂಡ ಅಮ್ಮನ ದನಿ ಬೇರೆ ಅಂತ ಗುರುತಿಸುತ್ತೆ. 1984ರಲ್ಲಿ ವರ್ಕರ್ ಮತ್ತು ಟೀಸ್ ಅನ್ನೋ ಸಂಶೋಧಕರು ಕೆನಡಾದಲ್ಲಿ ಇಂಗ್ಲಿಷ್ ಮನೆಯ ಮಕ್ಕಳಿಗೆ ಹಿಂದಿಯ ತ ಮತ್ತು ಟ ಕೇಳಿಸಿ ನೋಡಿದ್ರು. ಆರೆಂಟು ತಿಂಗಳ ಮಕ್ಕಳಲ್ಲಿ ಬಹುಪಾಲು ಎರಡನ್ನೂ ಬೇರೆ ಬೇರೆ ಅಂತ ಹಿಡಿದ್ವು, 10–12 ತಿಂಗಳ ಹೊತ್ತಿಗೆ ಹಾಗೆ ಹಿಡಿಯೋ ಮಕ್ಕಳು ತೀರಾ ಕಮ್ಮಿ. ಸುತ್ತ ಕೇಳಿಸೋ ಭಾಷೆಗೆ ಕಿವಿ ಆಗ್ಲೇ ಹದ ಆಗ್ತಿರುತ್ತೆ. ನಮ್ಮ ನ-ಣ, ಲ-ಳ ಕೂಡ ಮಗು ಬಾಯಿಬಿಡೋಕೆ ಎಷ್ಟೋ ಮುಂಚೆ ಕಿವೀಲಿ ಕೂರ್ಬೇಕು, ಕೂರೋದು ಮನೆಯವ್ರ ಮಾತಿಂದಾನೇ. ಫೋನಿಂದ ಆಗಲ್ವಾ ಅಂತ ಕೇಳಿದ್ರು. 2003ರಲ್ಲಿ ಪೆಟ್ರೀಷಿಯಾ ಕೂಲ್ ಅನ್ನೋ ಸಂಶೋಧಕಿಯ ತಂಡ ಅಮೆರಿಕಾದ 9 ತಿಂಗಳ ಮಕ್ಕಳಿಗೆ ಚೀನೀ ಮ್ಯಾಂಡರಿನ್ ಕೇಳಿಸ್ತು, 12 ಸಲ. ಎದುರಿಗೆ ಕೂತು ಆಟ ಆಡಿಸ್ತಾ ಮಾತಾಡಿದ ಕಡೆ ಮಕ್ಕಳು ಆ ಭಾಷೆಯ ಶಬ್ದ ಕಲಿತ್ರು, ಅದೇ ಜನ ಅದೇ ಮಾತು ಟೀವೀಲಿ ಬಂದಾಗ ಏನೂ ಕಲೀಲಿಲ್ಲ.

ಎರಡು ಮೂರು ಭಾಷೆ ಕೇಳಿದ್ರೆ ಮಾತು ತಡ ಆಗುತ್ತೆ ಅನ್ನೋದು ನಿಜ ಅಲ್ಲ. ಅತ್ತೆ ಶಿವಮೊಗ್ಗದ ಕನ್ನಡ, ಕೆಲಸದಾಕೆ ತೆಲುಗು, ಇರ್ಲಿ ಬಿಡಿ, ಚೆನ್ನಾಗೇ ಇದೆ. ನನಗೆ ಚಿಂತೆ ಆಗಿದ್ದು ಬೇರೆ: ಈ ತಾಯಿ ತನಗೆ ಸಲೀಸಾಗಿ ಬರೋ ಭಾಷೆ ಬಿಟ್ಟಮೇಲೆ ಮಗನ ಜೊತೆ ಮಾತೇ ಕಮ್ಮಿ ಆಗೋಗಿತ್ತು. ಅದಕ್ಕೇ ಸ್ನಾನ ಮಾಡಿಸುವಾಗ, ಕುಕ್ಕರ್ ಇಡುವಾಗ ಧಾರವಾಡದ ಮಾತಲ್ಲೇ ಹರಟ್ರಿ, ಅವನು ದದದ ಅಂದ್ರೆ ಉತ್ತರ ಕೊಡಿ, ಆಮೇಲೆ ಸ್ವಲ್ಪ ಸುಮ್ನಿರಿ, ಅವನ ಸರದಿ ಅದು ಅಂದೆ. ಊಟಕ್ಕೆ ಫೋನು ಬೇಡ. ಬಜೆ ಬಗ್ಗೆ ಅತ್ತೇನೇ ಕರೆಸಿ ಮಾತಾಡ್ದೆ, ಅವರ ಕಾಳಜಿ ಸುಳ್ಳಲ್ಲ, ಆದ್ರೆ ಡಾಕ್ಟರನ್ನ ಕೇಳದೆ ಬಾಯಿಗೆ ಹಾಕೋದು ಬೇಡಮ್ಮ, ಅದ್ರ ಬದಲು ನಿಮ್ಮ ಲಾಲಿ ಹಾಡು ಹೇಳಿ ಅಂದೆ, ಒಪ್ಪಿದ್ರು.

ಇದೆಲ್ಲಕ್ಕಿಂತ ಮೊದಲು ಮಾಡಿಸಿದ್ದು ಕಿವಿ ಟೆಸ್ಟು. ಹುಟ್ಟಿದಾಗ ಪಾಸಾಗಿತ್ತಲ್ಲ ಅಂದ್ರು ಗಂಡ, ಆದ್ರೆ ಮಗೂಗೆ ಎರಡು ಸಲ ಕಿವಿ ಸೋರಿತ್ತು, ಕಿವಿಯೊಳಗೆ ನೀರು ನಿಂತ್ರೂ ಮಾತು ಮಂದ ಕೇಳಿಸುತ್ತೆ. ಈ ಮಗೂದು ನಾರ್ಮಲ್ ಬಂತು. ರೇಖಾ ಅವರ ನಿದ್ದೆ, ಅಳು ಇನ್ನೂ ಪೂರ್ತಿ ಸರಿಹೋಗಿಲ್ಲ, ಅವರನ್ನ ಡಾಕ್ಟರ್ ಹತ್ರಾನೂ ಕಳಿಸಿದ್ದೀನಿ, ಬಾಣಂತನದ ನಂತರದ ಖಿನ್ನತೆ ಇದ್ರೆ ಚಿಕಿತ್ಸೆ ಬೇಕೇ ಬೇಕು. ಮಗು ವಿಷಯಕ್ಕೆ ಬಂದ್ರೆ, 16 ತಿಂಗಳಾದ್ರೂ ಒಂದೂ ಪದ ಬರ್ಲಿಲ್ಲ, ಅಥವಾ ಆಡ್ತಿದ್ದ ಶಬ್ದ ನಿಲ್ಲಿಸಿಬಿಟ್ಟ, ಕರೆದ್ರೆ ತಿರುಗಲ್ಲ ಅಂದ್ರೆ ಕಾಯ್ತಾ ಕೂರದೆ ಹತ್ತಿರದ ಸ್ಪೀಚ್ ಥೆರಪಿಸ್ಟ್ ಹತ್ರ ಹೋಗಿ, ಇಲ್ಲಾ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ತೋರಿಸಿ ಅಂತ ಬರೆದು ಕೊಟ್ಟಿದ್ದೀನಿ.