ಅತ್ತೆಯನ್ನೂ ತೂಕದ ಕಾಟಾದ ಹತ್ತಿರ ನಿಲ್ಲಿಸು

ಪ್ರಶ್ನೆ: ನಮ್ಮ ಮನಿಯವರಿಗೆ ಆರು ತಿಂಗಳಿಂದ ಡಯಾಲಿಸಿಸ್ ನಡದೈತ್ರಿ, ವಾರಕ್ಕ ಎರಡು ಸರ್ತಿ. ಪ್ರತಿ ಸಲ ನಾಲ್ಕು ಕೆ.ಜಿ. ತೂಕ ಏರಿರತೈತಿ. ನೀರು ಅಳದು ಕೊಟ್ರ ಅವರಿಗೆ ಸಿಟ್ಟು. ನೋಡಾಕ ಬಂದವರು 'ತಂಪು' ಅಂತ ಎಳನೀರು ತರತಾರ. 'ಗಂಡಗ ಒಂದು ಗುಟುಕು ನೀರು ಕೊಡಲಾರದಾಕಿ' ಅಂತ ಅತ್ತಿ ಓಣಿ ತುಂಬ ಹೇಳ್ಯಾರ. ನಾ ಏನ್ ಮಾಡ್ಲಿರಿ?
— ಓದುಗರು, ಬ್ಯಾಡಗಿ ತಾಲ್ಲೂಕು

ಉತ್ತರ: ತಂಗಿ, ಬಾಗಿಲಿಗೆ ಬಂದವರಿಗೆ ಮೊದಲು ನೀರು-ಬೆಲ್ಲ ಇಡುವ ಸೀಮೆ ನಮ್ಮದು. ಗಂಡನಿಗೇ ನೀರು ಅಳೆಯುವವಳು ಅತ್ತೆಯ ಕಣ್ಣಿಗೆ ಹೇಗೆ ಕಂಡಾಳು! ಹುಬ್ಬಳ್ಳಿಯಲ್ಲಿ ಡಯಾಲಿಸಿಸ್ ವಾರ್ಡಿನ ಸಿಸ್ಟರ್ ಆಗಿದ್ದಾಗ ಈ ಜಗಳ ದಿನಾ ಕೇಳಿದ್ದೇನೆ.

ಮುಂದಿನ ಪಾಳಿಗೆ ಅತ್ತೆಯನ್ನೂ ಕರೆದುಕೊಂಡು ಹೋಗು. ಮಷಿನ್ ಹಚ್ಚುವ ಮೊದಲು, ಬಿಚ್ಚಿದ ಮೇಲೆ, ಎರಡೂ ಸಲ ಮಗ ಕಾಟಾದ ಮೇಲೆ ನಿಲ್ಲುವುದನ್ನು ಅವರೇ ನೋಡಲಿ. ಏರಿದ ಒಂದು ಕೆ.ಜಿ. ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಮೂತ್ರ ಇಳಿಯದ ಮೈಯಲ್ಲಿ ಅದು ಕಾಲಿಗೆ, ಎದೆಗೆ ಸೇರುತ್ತದೆ. ನಾಲ್ಕು ತಾಸಿನಲ್ಲಿ ಅಷ್ಟನ್ನೂ ಎಳೆಯಹೋದರೆ ಬಿಪಿ ಕುಸಿಯುತ್ತದೆ, ಮೀನಖಂಡ ಹಿಡಿಯುತ್ತದೆ. ನಾನು ಹತ್ತು ಸಲ ಹೇಳಿದರೂ ಒಪ್ಪದ ಒಬ್ಬ ಅಜ್ಜಿ, ಮಗ ಕಾಲು ಹಿಡಿದುಕೊಂಡು ಚೀರಿದ್ದನ್ನು ಕಂಡ ದಿನ ತಾನೇ ತಂಬಿಗೆ ಎತ್ತಿಟ್ಟಳು.

ನೀರಿಗಿಂತ ಮೊದಲು ಉಪ್ಪು ಕಡಿಮೆ ಮಾಡು. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ತಿಂದವರಿಗೆ ನೀರಡಿಕೆ ಆಗದೆ ಇನ್ನೇನು? 'ಕಡಿಮೆ ಸೋಡಿಯಂ' ಉಪ್ಪಿನ ಪಾಕೀಟು ಮಾತ್ರ ಬೇಡ, ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ. ಎಳನೀರಿನಲ್ಲೂ ಅದೇ, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ನೆಂಟರು ತಂದದ್ದನ್ನು ನೀನೂ ಅತ್ತೆಯೂ ಕುಡಿಯಿರಿ.

ದಿನಕ್ಕೆ ಎಷ್ಟು ನೀರೆಂದು ಡಾಕ್ಟರನ್ನು ಕೇಳಿಕೊಂಡು, ಅಷ್ಟನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿ ಗಂಡನ ಕೈಗೇ ಕೊಟ್ಟುಬಿಡು. ಚಹಾ, ಮಜ್ಜಿಗೆ, ಸಾರು ಎಷ್ಟು ಹೋಯಿತೋ ಅಷ್ಟು ನೀರು ಬಾಟಲಿಯಿಂದ ಅವರೇ ಚೆಲ್ಲಲಿ. ಅಳೆಯುವ ಕೈ ನಿನ್ನದಲ್ಲ ಅಂದಮೇಲೆ ಸಿಟ್ಟು ಅರ್ಧ ಇಳಿದೀತು. ವಾರಕ್ಕೆ ಮೂರು ಸಲ ಬೇಕೇ ಎಂದೂ ವಿಚಾರಿಸು. ಸಾಮಾನ್ಯವಾಗಿ ಹೇಳುವುದು ಅದನ್ನೇ. ರಾತ್ರಿ ಮಲಗಿದಾಗ ಉಸಿರು ಕಟ್ಟಿದರೆ ಪಾಳಿ ಕಾಯದೆ ಹೊರಡಿ.

ಇನ್ನು ನಿನ್ನ ಮಾತು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅದೇ ಪಾಳಿಯವರ ಹೆಂಡಂದಿರು, ತಾಯಂದಿರು ನಾಲ್ಕು ತಾಸು ಕೂತಿರುತ್ತಾರೆ. ಯಾವ ಬಸ್ಸಿಗೆ ಸೀಟು ಸಿಗುತ್ತದೆ, ಆಯುಷ್ಮಾನ್ ಕಾರ್ಡಿಗೆ ಯಾವ ಕಾಗದ, ಪಂಚಮಿ ಉಂಡಿಯ ದಿನ ಮನೆಯಲ್ಲಿ ಹೇಗೆ ಸಂಭಾಳಿಸಬೇಕು, ಇವನ್ನೆಲ್ಲ ನನಗೂ ಕಲಿಸಿದವರು ಅವರೇ. ರೊಟ್ಟಿಬುತ್ತಿ ಬಿಚ್ಚಿ ಅವರ ಪಕ್ಕ ಕೂಡು. ಅತ್ತೆಯನ್ನೂ ಕೂಡಿಸು.