24 ಕೋರ್ ಇದ್ದರೆ 16ಕ್ಕಿಂತ ವೇಗ ಜಾಸ್ತಿಯೇ?

ಪ್ರಶ್ನೆ: ಹೊಸ ಡೆಸ್ಕ್‌ಟಾಪ್ ಜೋಡಿಸಬೇಕಾಗಿದೆ. ಹಗಲು ವಿಡಿಯೋ ಎಡಿಟಿಂಗ್, 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ ರೆಂಡರಿಂಗ್. ರಾತ್ರಿ ಗೇಮ್. ಇಂಟೆಲ್ ಕೋರ್ ಅಲ್ಟ್ರಾ 9 285ಕೆ ಪ್ರೊಸೆಸರ್‌ನಲ್ಲಿ 24 ಕೋರ್ (ಲೆಕ್ಕ ಮಾಡುವ ಘಟಕ) ಇವೆ. ಎಎಂಡಿ ರೈಜನ್ 9 9950ಎಕ್ಸ್‌ನಲ್ಲಿ 16 ಮಾತ್ರ. ಇಂಟೆಲ್ ಕೊಳ್ಳುವುದೇ ಸರಿ ಅಲ್ವಾ? ಗೆಳೆಯರೊಬ್ಬರು ತಾವು ಬಳಸಿದ ಐ9-14900ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಅದನ್ನು ತೆಗೆದುಕೊಳ್ಳಬಹುದೇ?

ಉತ್ತರ: ಕೋರ್‌ಗಳನ್ನು ಸುಮ್ನೆ ಎಣಿಸಿ ಹೋಲಿಸಬೇಡಿ. 285ಕೆಯ 24ರಲ್ಲಿ ದೊಡ್ಡ, ವೇಗದ ಕೋರ್‌ಗಳು 8 ಮಾತ್ರ. ಉಳಿದ 16 ಚಿಕ್ಕವು. 285ಕೆಯಲ್ಲಿ ಹೈಪರ್‌ಥ್ರೆಡಿಂಗ್, ಅಂದರೆ ಒಂದೇ ಕೋರ್ ಏಕಕಾಲಕ್ಕೆ ಎರಡು ಥ್ರೆಡ್ (ಕೆಲಸದ ಸಾಲು) ನಡೆಸುವ ವ್ಯವಸ್ಥೆ, ಇಲ್ಲ. ಹಾಗಾಗಿ ಥ್ರೆಡ್‌ಗಳೂ 24. 9950ಎಕ್ಸ್‌ನ 16 ಕೋರ್‌ಗಳೂ ಒಂದೇ ಬಗೆಯವು. ಒಂದೊಂದೂ ಎರಡು ಥ್ರೆಡ್ ನಡೆಸುತ್ತದೆ, ಒಟ್ಟು 32. ಗರಿಷ್ಠ ವೇಗ ಎರಡರದ್ದೂ 5.7 ಗಿಗಾಹರ್ಟ್ಸ್. ರೆಂಡರಿಂಗ್‌ನಲ್ಲಿ ಇವೆರಡೂ ಹತ್ತಿರಹತ್ತಿರವೇ ಬರುತ್ತವೆ. ಬ್ಲೆಂಡರ್ ಅನ್ನು ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡಿಸುತ್ತೀರಾದರೆ ಆ ಅಂತರವನ್ನೂ ಮರೆತುಬಿಡಿ.

ನಿಜವಾದ ವ್ಯತ್ಯಾಸ ಗೇಮ್‌ನಲ್ಲಿದೆ. ಅಲ್ಲಿ ಗೆಲ್ಲಿಸುವುದು ಕ್ಯಾಶ್, ಅಂದರೆ ಪ್ರೊಸೆಸರ್‌ನೊಳಗೇ ಇರುವ ಪುಟ್ಟ, ಅತಿ ವೇಗದ ಮೆಮೊರಿ. ಗೇಮ್ ಓಡುವಾಗ ಪ್ರೊಸೆಸರ್‌ಗೆ ಚದುರಿದ ಚಿಕ್ಕಚಿಕ್ಕ ಮಾಹಿತಿ ಮತ್ತೆ ಮತ್ತೆ ಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಸಲ ರ‍್ಯಾಮ್‌ವರೆಗೆ ಹೋಗಬೇಕಾದರೆ ಕೋರ್ ಎಷ್ಟೇ ವೇಗದ್ದಾಗಿರಲಿ, ಕಾಯುತ್ತಾ ಕೂರುತ್ತದೆ. ಮಾಹಿತಿ ಕ್ಯಾಶ್‌ನಲ್ಲೇ ಸಿಕ್ಕರೆ ಆ ಕಾಯುವಿಕೆ ತಪ್ಪುತ್ತದೆ. 285ಕೆಯಲ್ಲಿ ಎಲ್3 ಕ್ಯಾಶ್ (ಮೂರನೇ ಹಂತದ, ದೊಡ್ಡ ಕ್ಯಾಶ್) 36 ಎಂಬಿ, 9950ಎಕ್ಸ್‌ನಲ್ಲಿ 64. ರೈಜನ್ 7 9800ಎಕ್ಸ್3ಡಿಯಲ್ಲಿ ಬರೀ 8 ಕೋರ್, ಆದರೆ ಕ್ಯಾಶ್ 96 ಎಂಬಿ. ಅದಕ್ಕೇ ಬಹಳಷ್ಟು ಗೇಮ್‌ಗಳಲ್ಲಿ ಅದು ಈ ಎರಡನ್ನೂ ಹಿಂದೆ ಹಾಕುತ್ತದೆ. ಆದರೆ 4ಕೆಯಲ್ಲಿ ಆಡಿದರೆ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ ಬೀಳುತ್ತದೆ. ಆಗ ಈ ಅಂತರ ತುಂಬಾ ಕುಗ್ಗುತ್ತದೆ.

ಇಂಟೆಲ್ ಪರವಾಗಿ ಒಂದು ಗಟ್ಟಿ ಕಾರಣವೂ ಇದೆ. ನಿಮ್ಮ ಕ್ಯಾಮೆರಾ 10 ಬಿಟ್ 4:2:2 ಎಚ್.265 ರೂಪದಲ್ಲಿ (ಬಣ್ಣದ ವಿವರ ಹೆಚ್ಚಿರುವ, ಕುಗ್ಗಿಸಿದ ವಿಡಿಯೋ) ವಿಡಿಯೋ ತೆಗೆಯುತ್ತದೆಯೇ? 285ಕೆಯೊಳಗಿನ ಗ್ರಾಫಿಕ್ಸ್ ಅದನ್ನು ಹಾರ್ಡ್‌ವೇರ್‌ನಲ್ಲೇ ಡಿಕೋಡ್ ಮಾಡುತ್ತದೆ (ಬಿಡಿಸುತ್ತದೆ), ಟೈಮ್‌ಲೈನ್ ತಡವರಿಸದೆ ಓಡುತ್ತದೆ. ರೈಜನ್‌ನೊಳಗಿನ ಗ್ರಾಫಿಕ್ಸ್‌ಗೆ ಆ ಶಕ್ತಿ ಇಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ಹಾಕುವುದಾದರೆ ಅದೂ ಈ ಕೆಲಸ ಮಾಡುತ್ತದೆ. ಆಗ ಈ ಕಾರಣಕ್ಕೆ ಇಂಟೆಲ್ ಬೇಕಾಗಿಲ್ಲ.

ಕೆಲಸ, ಆಟ ಎರಡೂ ಒಂದೇ ಯಂತ್ರದಲ್ಲಿ ಆಗಬೇಕಾದ ನಿಮಗೆ ನಾನು ಹೇಳುವುದು ಎಎಂಡಿಯ ರೈಜನ್ 9 9950ಎಕ್ಸ್3ಡಿ. 16 ಕೋರ್, 128 ಎಂಬಿ ಎಲ್3. ಅದು ಕೂರುವ ಎಎಂ5 ಸಾಕೆಟ್‌ಗೆ (ಮದರ್‌ಬೋರ್ಡ್ ಮೇಲಿನ ಪ್ರೊಸೆಸರ್ ಜಾಗ) 2027ರವರೆಗೆ, ಅದರ ನಂತರವೂ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿದೆ. ಮುಂದೆ ಮದರ್‌ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ತೆರೆದಿರುತ್ತದೆ. ಗೇಮ್ ಅಪರೂಪಕ್ಕೆ ಆಡುವುದಾದರೆ 9950ಎಕ್ಸ್ ಸಾಕು.

ಬಳಸಿದ 14900ಕೆ ಬೇಡ. ಹೆಚ್ಚು ವೋಲ್ಟೇಜ್ ಹೋಗಿ 13, 14ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳು ಸವೆಯುತ್ತಿದ್ದ ವಿಷಯ 2024ರಲ್ಲಿ ಬಯಲಾಯಿತು. ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ಆದೇಶಗಳ ಸಾಫ್ಟ್‌ವೇರ್) ತಿದ್ದಿತು, ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದ ಚಿಪ್ಪನ್ನು ಯಾವ ಅಪ್‌ಡೇಟೂ ಸರಿಮಾಡದು. ಆ ಪ್ರೊಸೆಸರ್ ಯಾವ ಬಯೋಸ್‌ನಲ್ಲಿ (ಈ ತಿದ್ದುಪಡಿ ತರುವ ಮದರ್‌ಬೋರ್ಡ್ ಸಾಫ್ಟ್‌ವೇರ್) ಎಷ್ಟು ಕಾಲ ಓಡಿದೆ ಅಂತ ಹೊರಗಿನಿಂದ ನೋಡಿ ತಿಳಿಯಲು ಆಗುವುದಿಲ್ಲ.